ಎರಡು ನಿಮಿಷವೋ, ಹತ್ತು ದಿನವೋ: ಅಂಕದ ಪಂದ್ಯಕ್ಕೆ ಎಷ್ಟು ಅವಧಿ?

ವಿಡಿಯೋ ಗೇಮ್‌ನಲ್ಲಿ ಗೆಲ್ಲಲು ಎರಡು ದಾರಿಗಳಿವೆ. ಎದುರಾಳಿಯನ್ನು ಸೋಲಿಸುವುದು ಒಂದು. ಯಂತ್ರದ ಮುಂದೆ ಒಬ್ಬರೇ ಆಡಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸುವುದು ಇನ್ನೊಂದು. ಪುಟ್ಟ ಆಕಾಶನೌಕೆಯಿಂದ ಶತ್ರುಗಳ ಸಾಲುಗಳನ್ನು ಹೊಡೆದುರುಳಿಸುವ ಹಳೆಯ ಶೂಟಿಂಗ್ ಆಟಗಳು ಈ ಎರಡನೆಯ ದಾರಿಯವು. ಬೆಂಗಳೂರಿನ ಜಯನಗರ, ಬನಶಂಕರಿಯ ಕಾಲೇಜು ಫೆಸ್ಟ್‌ಗಳಲ್ಲಾಗಲಿ, ಬಿಟಿಎಂ ಲೇಔಟ್‌ನ ಗೇಮಿಂಗ್ ಕೆಫೆಗಳಲ್ಲಾಗಲಿ ಇಂಥ ಪಂದ್ಯ ಏರ್ಪಡಿಸಲು ಹೊರಟವರು ಯಾವ ಆಟ, ಎಷ್ಟು ಬಹುಮಾನ, ಪ್ರಾಯೋಜಕರು ಯಾರು ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಎಷ್ಟು ಹೊತ್ತು ಎಂಬ ಪ್ರಶ್ನೆ ಬರುವುದು ಕೊನೆಗೆ. ಆಗಲೂ ಹಾಲ್ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದೇ ಉತ್ತರವಾಗಿಬಿಡುತ್ತದೆ. ಮೊದಲು ತೀರ್ಮಾನಿಸಬೇಕಾದದ್ದು ಅವಧಿಯನ್ನೇ ಎಂಬುದು ನನ್ನ ಅಭಿಪ್ರಾಯ. ಯಾರು ಹೆಸರು ಕೊಡುತ್ತಾರೆ, ಯಾರು ನಡುವೆ ಕೈಬಿಡುತ್ತಾರೆ, ಕೊನೆಯ ದಿನದವರೆಗೂ ಹಟ ಹಿಡಿದು ಕೂರುವವರು ಯಾರು ಎಂಬುದನ್ನೆಲ್ಲ ಅವಧಿ ಮೊದಲೇ ಬರೆದಿಟ್ಟಿರುತ್ತದೆ.

ಅವಧಿ ಎಂದಾಗ ನಾವು ಮೂರು ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ. ಒಂದು ಸಲದ ಆಟ ಎಷ್ಟು ನಿಮಿಷದ್ದು? ಪಂದ್ಯ ಒಟ್ಟು ಎಷ್ಟು ದಿನ ತೆರೆದಿರುತ್ತದೆ? ಆ ದಿನಗಳಲ್ಲಿ ಒಬ್ಬರು ಎಷ್ಟು ಸಲ ಆಡಬಹುದು? ಎರಡು ನಿಮಿಷದ ಆಟವನ್ನು ತಿಂಗಳಿಡೀ ಲೆಕ್ಕವಿಲ್ಲದಷ್ಟು ಸಲ ಆಡಲು ಬಿಟ್ಟರೆ ಅದು ಸಣ್ಣ ಪಂದ್ಯವಲ್ಲ, ಬಲು ದೀರ್ಘ ಪಂದ್ಯ. ಒಂದೇ ಭಾನುವಾರ ಒಂದೇ ಅವಕಾಶ ಕೊಟ್ಟು ನಲವತ್ತು ನಿಮಿಷದ ಆಟ ಆಡಿಸಿದರೆ ಅದರ ಸ್ವಭಾವವೇ ಬೇರೆ. ಮುಂದಿನ ಚರ್ಚೆಯಲ್ಲಿ ಈ ಮೂರನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಚರಿತ್ರೆ ಶುರುವಾಗುವುದು ಕೊನೆಯೇ ಇಲ್ಲದ ಆಟಗಳಿಂದ. ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾದೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಬಂದದ್ದು 1978ರಲ್ಲಿ. ಒಂದು ಪಡೆ ಸತ್ತರೆ ಇನ್ನೊಂದು ಬರುತ್ತದೆ, ಆಟಗಾರ ಸಾಯುವವರೆಗೂ ಆಟ. 1980ರಲ್ಲಿ ಅಟಾರಿ ಕಂಪನಿ ಅಮೆರಿಕದಲ್ಲಿ ಇದೇ ಆಟದ ಪಂದ್ಯಾವಳಿ ನಡೆಸಿದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡರು. ಯಂತ್ರಕ್ಕೆ ಕೊನೆಯಿಲ್ಲದಿದ್ದರೆ ನಿಪುಣನ ಆಟಕ್ಕೂ ಕೊನೆಯಿರುವುದಿಲ್ಲ. 1979ರ ಆಸ್ಟರಾಯ್ಡ್ಸ್‌ನಲ್ಲಿ ಇದು ಕಣ್ಣಿಗೆ ರಾಚುವಂತೆ ಬಯಲಾಯಿತು. ಹತ್ತು ಸಾವಿರ ಅಂಕಕ್ಕೊಂದು ಹೆಚ್ಚುವರಿ ನೌಕೆ ಸಿಗುತ್ತಿದ್ದುದರಿಂದ ಪಳಗಿದವರು ನೌಕೆಗಳನ್ನು ಕೂಡಿಟ್ಟು, ನಡುವೆ ಎದ್ದುಹೋಗಿ ಊಟ ಮಾಡಿ ಬರುತ್ತಿದ್ದರು. ಆ ಹೊತ್ತಿನಲ್ಲಿ ಒಂದಷ್ಟು ನೌಕೆ ಸತ್ತರೂ ದಾಸ್ತಾನು ಉಳಿದಿರುತ್ತಿತ್ತು. 1982ರಲ್ಲಿ ಸ್ಕಾಟ್ ಸಾಫ್ರನ್ ಎಂಬ ಹದಿನೈದರ ಹುಡುಗ 4,13,36,440 ಅಂಕ ಗಳಿಸಿದ. ಆ ದಾಖಲೆ 2010ರವರೆಗೆ ನಿಂತಿತು. ಅದನ್ನು ಮುರಿಯಲು ಜಾನ್ ಮೆಕ್ಅಲಿಸ್ಟರ್ ಸುಮಾರು 58 ಗಂಟೆ ಆಡಿದರು. ಇವರಿಬ್ಬರ ಕೌಶಲದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಅಂಕದಲ್ಲಿ ಎಷ್ಟು ಪಾಲು ಗುರಿಯದು, ಎಷ್ಟು ಪಾಲು ನಿದ್ದೆಗೆಡುವ ಶಕ್ತಿಯದು ಎಂದು ಬಿಡಿಸಿ ಹೇಳಲಾಗದು.

ಕ್ರಿಕೆಟ್ ಬಲ್ಲವರಿಗೆ ಇದು ಹೊಸ ಕಥೆಯಲ್ಲ. 1939ರ ಮಾರ್ಚ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕ ಮತ್ತು ಇಂಗ್ಲೆಂಡ್ ನಡುವೆ ಕಾಲಮಿತಿಯೇ ಇಲ್ಲದ ಟೆಸ್ಟ್ ನಡೆಯಿತು. 696 ರನ್ನಿನ ಗುರಿ ಬೆನ್ನಟ್ಟಿದ ಇಂಗ್ಲೆಂಡ್ 5 ವಿಕೆಟ್‌ಗೆ 654 ತಲುಪಿದಾಗ ಮಳೆ ಬಂತು, ಊರಿಗೆ ಮರಳುವ ಹಡಗಿನ ಹೊತ್ತೂ ಆಯಿತು. ಹತ್ತು ದಿನ ಎಳೆದ ಪಂದ್ಯ ಡ್ರಾ ಎಂದು ಬಿಟ್ಟು ಹೊರಟರು. ಮುಗಿಯಬೇಕೆಂದೇ ಕಾಲಮಿತಿ ತೆಗೆದರು. ಕಾಲಮಿತಿ ಇಲ್ಲದ್ದರಿಂದಲೇ ಅದು ಮುಗಿಯಲಿಲ್ಲ.

ಇಂಥ ಕೊನೆಯಿಲ್ಲದ ಆಟಕ್ಕೆ ಗೇಮಿಂಗ್ ಲೋಕ ಎರಡು ಮದ್ದು ಹುಡುಕಿತು. ಅಮೆರಿಕದ ಅಯೋವಾದಲ್ಲಿ ವಾಲ್ಟರ್ ಡೇ ಕಟ್ಟಿದ ಟ್ವಿನ್ ಗ್ಯಾಲಕ್ಸೀಸ್ 1982ರಿಂದ ದಾಖಲೆಗಳ ಪಟ್ಟಿ ಇಡತೊಡಗಿತು. ಕೆಲವು ಆಟಗಳಿಗೆ ಮ್ಯಾರಥಾನ್ ಲೆಕ್ಕ ಬೇರೆ, ಟೂರ್ನಿ ಲೆಕ್ಕ ಬೇರೆ ಎಂದು ಅಲ್ಲಿ ವಿಂಗಡಿಸಲಾಯಿತು. ಟೂರ್ನಿಯ ಲೆಕ್ಕದಲ್ಲಿ ಹೆಚ್ಚುವರಿ ಲೈಫ್ ಸಿಗುವುದಿಲ್ಲ, ಇದ್ದಷ್ಟರಲ್ಲೇ ಆಡಬೇಕು. ಎರಡನೆಯ ಮದ್ದು ಜಪಾನಿನದು. ಹಡ್ಸನ್ ಕಂಪನಿ 1985ರ ಬೇಸಿಗೆಯಲ್ಲಿ ಸ್ಟಾರ್ ಫೋರ್ಸ್ ಆಟ ಹಿಡಿದು ಊರಿಂದೂರಿಗೆ ಸಾಗುವ ಕ್ಯಾರವಾನ್ ಪಂದ್ಯಾವಳಿ ಶುರುಮಾಡಿತು. ಮುಂದಿನ ವರ್ಷಗಳಲ್ಲಿ ಸ್ಟಾರ್ ಸೋಲ್ಜರ್, 1990ರಲ್ಲಿ ಸೂಪರ್ ಸ್ಟಾರ್ ಸೋಲ್ಜರ್, 1992ರಲ್ಲಿ ಸೋಲ್ಜರ್ ಬ್ಲೇಡ್ ಹೀಗೆ ಹೊಸ ಆಟಗಳು ಬಂದವು. ಕೊನೆಕೊನೆಗೆ ಆಟದ ಕಾರ್ಡಿನಲ್ಲೇ ಎರಡು ನಿಮಿಷದ ಆಟ, ಐದು ನಿಮಿಷದ ಆಟ ಎಂದು ಎರಡು ಆಯ್ಕೆ ಇರುತ್ತಿದ್ದವು. ಮಕ್ಕಳು ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿ ಪಂದ್ಯಕ್ಕೆ ಬರುತ್ತಿದ್ದರು. ಸೆಕೆಂಡಿಗೆ ಹದಿನಾರು ಸಲ ಗುಂಡಿ ಒತ್ತುತ್ತಾರೆ ಎಂದು ಹೆಸರಾಗಿದ್ದ ತಕಾಹಾಶಿ ಮೆಯ್ಜಿನ್ ಈ ಪಂದ್ಯಗಳ ತಾರೆ. ಆಟ ದಿನಕ್ಕೊಂದೇ ಗಂಟೆ ಸಾಕು ಎಂದು ಮಕ್ಕಳಿಗೆ ಬಹಿರಂಗವಾಗಿ ಹೇಳಿದವರೂ ಅವರೇ. ಆಟ ಮಾರುವ ಕಂಪನಿಯ ಮನುಷ್ಯನೇ ಆಟಕ್ಕೆ ಮಿತಿ ಹಾಕಿದ್ದು ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಗತಿ.

ಹೊತ್ತು ಗೊತ್ತುಮಾಡುವ ಈ ಪದ್ಧತಿ ಬೇರೆಡೆಯೂ ಕಾಣಿಸಿತು. 1990ರ ನಿಂಟೆಂಡೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೂರು ಆಟಗಳಿಗೆ ಸೇರಿ 6 ನಿಮಿಷ 21 ಸೆಕೆಂಡ್ ಇತ್ತು. 2008ರ ಜಿಯಾಮೆಟ್ರಿ ವಾರ್ಸ್‌ನ ಎರಡನೆಯ ಆವೃತ್ತಿಯಲ್ಲಿ ಮೂರು ನಿಮಿಷದ ಒಂದು ವಿಧಾನವಿತ್ತು.

ಹೊತ್ತು ಗೊತ್ತಾಗಿಬಿಟ್ಟರೆ ಆಟಗಾರನ ಮನಸ್ಸು ಬೇರೆ ಲೆಕ್ಕ ಹಾಕುತ್ತದೆ. ಕೊನೆಯಿಲ್ಲದ ಆಟದಲ್ಲಿ ಸಾಯದಿರುವುದೇ ಗುರಿ. ಸುರಕ್ಷಿತ ಮೂಲೆ ಹಿಡಿದು ಕೂತವನಿಗೆ ಲಾಭ. ಎರಡು ನಿಮಿಷದ ಆಟದಲ್ಲಿ ಸುಮ್ಮನೆ ಬದುಕಿದ್ದರೆ ಏನೂ ಸಿಗದು. ಮುನ್ನುಗ್ಗಬೇಕು, ಯಾವ ಶತ್ರುವನ್ನು ಮೊದಲು ಹೊಡೆದರೆ ಮುಂದಿನ ಪಡೆ ಬೇಗ ಬರುತ್ತದೆ ಎಂದು ಕಂಠಪಾಠ ಮಾಡಬೇಕು. ಸೋತರೆ ಹೋದದ್ದು ಎರಡೇ ನಿಮಿಷ, ಆದ್ದರಿಂದ ಕೈ ತಾನಾಗಿ ಮತ್ತೆ ಗುಂಡಿಯತ್ತ ಹೋಗುತ್ತದೆ. ನಲವತ್ತು ನಿಮಿಷದ ಆಟದಲ್ಲಿ ಮೂವತ್ತೈದನೆಯ ನಿಮಿಷಕ್ಕೆ ಬಿದ್ದವನ ನೋವು ಬೇರೆ. 1997ರ ದೊದೊನ್‌ಪಾಚಿಯಂಥ ಆಟಗಳಲ್ಲಿ ಹೊಡೆತಗಳ ಸರಪಳಿ ಕಡಿಯದಂತೆ ಸಾಗಿದರೆ ಮಾತ್ರ ದೊಡ್ಡ ಅಂಕ. ಒಂದು ಕ್ಷಣ ತಡವಾದರೆ ಸರಪಳಿ ಹರಿಯಿತು. ಅಂಥ ಆಟವಾಡುವವರು ಆರಂಭದಲ್ಲೇ ಒಂದು ತಪ್ಪಾದರೆ ಪೂರ್ತಿ ಆಡದೆ ಮೊದಲಿನಿಂದ ಶುರುಮಾಡುತ್ತಾರೆ. ಹೀಗಾಗಿ ಮೊದಲ ಹಂತವನ್ನು ನೂರು ಸಲ ಆಡಿದವರು ಕೊನೆಯ ಹಂತವನ್ನು ಕಂಡಿರುವುದೇ ಅಪರೂಪ. ಅಲ್ಲಿ ಬೇಸರಕ್ಕೆ ಕಾರಣ ಸೋಲಿಗಿಂತ ಹೆಚ್ಚಾಗಿ ಪುನರಾವರ್ತನೆ.

ಸಣ್ಣ ಆಟಕ್ಕೂ ಒಂದು ದೋಷವಿದೆ. ಅದರಲ್ಲಿ ಅದೃಷ್ಟದ ಪಾಲು ಹೆಚ್ಚು. ಇಪ್ಪತ್ತು ಓವರಿನ ಪಂದ್ಯದಲ್ಲಿ ದುರ್ಬಲ ತಂಡವೂ ಬಲಾಢ್ಯರನ್ನು ಕೆಡವಬಹುದು, ಐದು ದಿನದ ಟೆಸ್ಟ್‌ನಲ್ಲಿ ಅದು ಕಷ್ಟ. ಹೊಸಬರಿಗೆ ಇದೇ ಆಸೆ ಹುಟ್ಟಿಸುತ್ತದೆ, ಹಳಬರಿಗೆ ಫಲಿತಾಂಶದ ಮೇಲೆ ನಂಬಿಕೆ ಕುಗ್ಗಿಸುತ್ತದೆ. ಇಬ್ಬರನ್ನೂ ಉಳಿಸಿಕೊಳ್ಳಬೇಕಾದರೆ ಆಟ ಸಣ್ಣದಿರಲಿ, ಅವಕಾಶಗಳು ಒಂದಕ್ಕಿಂತ ಹೆಚ್ಚಿರಲಿ ಎಂಬುದು ಸಹಜ ದಾರಿ.

ಆದರೆ ಪಂದ್ಯ ತೆರೆದಿರುವ ದಿನಗಳ ಪ್ರಶ್ನೆ ಇನ್ನೂ ಜಟಿಲ, ಮನಶ್ಶಾಸ್ತ್ರಜ್ಞರು ಹೆಚ್ಚು ಕೆಲಸ ಮಾಡಿರುವುದೂ ಇಲ್ಲೇ. ಗುರಿ ಹತ್ತಿರವಾದಂತೆ ಓಟ ಚುರುಕಾಗುತ್ತದೆ ಎಂದು ಅಮೆರಿಕದ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. 2006ರಲ್ಲಿ ರಾನ್ ಕಿವೆಟ್ಜ್ ಮತ್ತು ಸಂಗಡಿಗರು ಅದನ್ನೇ ಮನುಷ್ಯರಲ್ಲಿ ಕಂಡರು. ಹತ್ತು ಮುದ್ರೆ ಬಿದ್ದರೆ ಒಂದು ಕಾಫಿ ಉಚಿತ ಎಂಬ ಚೀಟಿ ಹಿಡಿದವರು ಕೊನೆಯ ಮುದ್ರೆಗಳು ಹತ್ತಿರವಾದಂತೆ ಬೇಗಬೇಗ ಕಾಫಿಗೆ ಬರತೊಡಗಿದರು. ಹನ್ನೆರಡು ಮುದ್ರೆಯ ಚೀಟಿಯಲ್ಲಿ ಎರಡನ್ನು ಮೊದಲೇ ಒತ್ತಿಕೊಟ್ಟಾಗ, ಉಳಿದದ್ದು ಅದೇ ಹತ್ತಾದರೂ, ಇನ್ನೂ ಬೇಗ ಮುಗಿಸಿದರು. 2011ರಲ್ಲಿ ಆಂಡ್ರಿಯಾ ಬೊನೆಜಿ ಮತ್ತು ಜೊತೆಗಾರರು ನಡುಭಾಗದ ಕುಸಿತವನ್ನು ವಿವರಿಸಿದರು. ಶುರುವಿನಲ್ಲಿ ಮನಸ್ಸು ಎಷ್ಟು ದೂರ ಬಂದೆ ಎಂದು ಎಣಿಸುತ್ತದೆ, ಕೊನೆಗೆ ಇನ್ನೆಷ್ಟು ಉಳಿಯಿತು ಎಂದು ಎಣಿಸುತ್ತದೆ. ನಡುವೆ ನಿಂತವರಿಗೆ ಹಿಂದಿನ ದಡವೂ ದೂರ, ಮುಂದಿನದೂ ದೂರ. ಒಂದು ಹೆಜ್ಜೆ ಇಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ.

ಅಂಕದ ಪಂದ್ಯಕ್ಕೆ ಇದನ್ನು ಹೊಂದಿಸಿ ನೋಡಿ. ಮೂರು ದಿನದ ಪಂದ್ಯದಲ್ಲಿ ನಡುಭಾಗ ಒಂದೇ ದಿನ. ಕುಸಿಯುವಷ್ಟರಲ್ಲಿ ಕೊನೆ ಬಂದಿರುತ್ತದೆ. ಒಂದು ತಿಂಗಳ ಪಂದ್ಯದಲ್ಲಿ ನಡುಭಾಗವೇ ಎರಡು ವಾರಕ್ಕೂ ಹೆಚ್ಚು. ಮೊದಲ ಶನಿವಾರ ಆಡಿ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಕಂಡವನಿಗೆ ಇನ್ನೂ ಮೂರು ವಾರವಿದೆ ಎನ್ನಿಸಿದರೆ ಅದರಷ್ಟು ಅಪಾಯದ ಆಲೋಚನೆ ಬೇರೊಂದಿಲ್ಲ. ಅವನು ಮರಳಿ ಬರುವುದು ಕೊನೆಯ ದಿನ. ಇಲ್ಲವೇ ಬರುವುದೇ ಇಲ್ಲ. ಜೋನಾ ಬರ್ಜರ್ ಮತ್ತು ಡೆವಿನ್ ಪೋಪ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಸುಳಿವು ಕೊಡುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಅರ್ಧ ಆಟ ಮುಗಿದಾಗ ಒಂದೇ ಅಂಕ ಹಿಂದಿದ್ದ ತಂಡಗಳು ನಿರೀಕ್ಷೆಗಿಂತ ಹೆಚ್ಚು ಸಲ ಗೆದ್ದಿದ್ದವು. ಸ್ವಲ್ಪ ಹಿಂದಿರುವುದು ಹುರಿದುಂಬಿಸುತ್ತದೆ. ಬಹಳ ಹಿಂದಿರುವುದು ಹಾಗಲ್ಲ. ಮೊದಲ ಸ್ಥಾನದವನ ಅಂಕ ತನ್ನದರ ಹತ್ತರಷ್ಟಿದ್ದರೆ ಪಟ್ಟಿ ನೋಡುವುದೇ ಶಿಕ್ಷೆ. ದೀರ್ಘ ಪಂದ್ಯದಲ್ಲಿ ನಿಪುಣರು ಬೇಗ ಎತ್ತರಕ್ಕೇರಿ ಕೂತುಬಿಡುವುದರಿಂದ ಉಳಿದವರು ಈ ಶಿಕ್ಷೆಯನ್ನು ಹೆಚ್ಚು ದಿನ ಅನುಭವಿಸಬೇಕಾಗುತ್ತದೆ.

ಕೊನೆಯ ಗಂಟೆಗೆ ತನ್ನದೇ ರೋಗವಿದೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ 2002ರಲ್ಲಿ ಆನ್‌ಲೈನ್ ಹರಾಜುಗಳನ್ನು ಹೋಲಿಸಿದರು. ಮುಗಿಯುವ ಹೊತ್ತು ಕಟ್ಟುನಿಟ್ಟಾಗಿದ್ದ ಇಬೇಯಲ್ಲಿ ಜನ ಕಾದು ಕೂತು ಕೊನೆಯ ಕ್ಷಣದಲ್ಲಿ ಬೆಲೆ ಕೂಗುತ್ತಿದ್ದರು. ತಡವಾಗಿ ಬೆಲೆ ಬಂದರೆ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತಿದ್ದ ಅಮೆಜಾನ್‌ನಲ್ಲಿ ಈ ಚಾಳಿ ಬಹಳ ಕಡಿಮೆ. ಅಂಕದ ಪಂದ್ಯಗಳಲ್ಲೂ ದೊಡ್ಡ ಸ್ಕೋರನ್ನು ಬಚ್ಚಿಟ್ಟು ಬಾಗಿಲು ಮುಚ್ಚುವ ಮುಂಚೆ ಸಲ್ಲಿಸುವವರಿರುತ್ತಾರೆ. ಎರಡನೆಯ ಸ್ಥಾನಕ್ಕೆ ಜಾರಿದವರಿಗೆ ಉತ್ತರ ಕೊಡಲು ಹೊತ್ತೇ ಉಳಿದಿರುವುದಿಲ್ಲ. ಮುಂದಿನ ಸಲ ಅವರು ಹೆಸರು ಕೊಡುವುದು ಅನುಮಾನ.

ಬೆಂಗಳೂರಿಗೆ ಬಂದರೆ, ಆಟದ ಉದ್ದವನ್ನು ಇಲ್ಲಿ ಬಹುಕಾಲ ನಿರ್ಧರಿಸಿದವರು ಪಾರ್ಲರ್ ಮಾಲೀಕರು. ಆರ್ಕೇಡ್ ಯಂತ್ರದೊಳಗೆ ಪುಟ್ಟ ಸ್ವಿಚ್ಚುಗಳಿರುತ್ತವೆ. ಕಾಯಿನ್ನಿಗೆ ಎಷ್ಟು ಲೈಫ್, ಎಷ್ಟು ಅಂಕಕ್ಕೆ ಹೆಚ್ಚುವರಿ ಲೈಫ್, ಆಟ ಎಷ್ಟು ಕಷ್ಟ ಎಂಬುದನ್ನು ಅವುಗಳಿಂದ ಬದಲಿಸಬಹುದು. ಬೇಗ ಸತ್ತರೆ ಬೇಗ ಇನ್ನೊಂದು ಕಾಯಿನ್. 1989ರ ಸಾರ್ವಜನಿಕ ಮನರಂಜನಾ ಸ್ಥಳಗಳ ಆದೇಶದಡಿ ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆಂದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಕೋರ್ಟು ನಿಯಂತ್ರಣವನ್ನು ಎತ್ತಿಹಿಡಿಯಿತು. ಯಂತ್ರವನ್ನು ತಿದ್ದಿ ಆಟಗಾರನ ಗೆಲುವಿನ ಅವಕಾಶ ಕುಗ್ಗಿಸುವ ಸಾಧ್ಯತೆಯೂ ಅಲ್ಲಿ ಚರ್ಚೆಗೆ ಬಂತು. ಈಗ ಬನ್ನೇರುಘಟ್ಟ ರಸ್ತೆಯ ಮಾಲ್‌ಗಳ ಗೇಮ್ ಝೋನ್‌ಗಳಲ್ಲಿ ಕಾಯಿನ್ ಜಾಗಕ್ಕೆ ಸ್ವೈಪ್ ಕಾರ್ಡ್ ಬಂದಿದೆ, ಲೆಕ್ಕ ಅದೇ ಉಳಿದಿದೆ.

ಅಂಕದ ಪಂದ್ಯವನ್ನು ಮೊಬೈಲಿಗೆ ತಂದವರಲ್ಲಿ ಈ ನಗರದವರೂ ಇದ್ದಾರೆ. 2018ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೊಬೈಲ್ ಪ್ರೀಮಿಯರ್ ಲೀಗ್ ಸಣ್ಣಸಣ್ಣ ಆಟಗಳ ಸುತ್ತ ಪ್ರವೇಶ ಶುಲ್ಕದ, ನಗದು ಬಹುಮಾನದ ಟೂರ್ನಿಗಳನ್ನು ಕಟ್ಟಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯಿಂದ ಹಣದ ಆನ್‌ಲೈನ್ ಆಟಗಳಿಗೆ ತೆರೆ ಎಳೆದು, ಇ-ಕ್ರೀಡೆಗೆ ಪ್ರೋತ್ಸಾಹದ ಮಾತಾಡಿತು. ಅವಧಿಯ ದೃಷ್ಟಿಯಿಂದ ಇಲ್ಲಿ ಕಲಿಯಬೇಕಾದದ್ದಿದೆ. ಆಟ ಸಣ್ಣದು, ಸೋಲು ಕ್ಷಣಿಕ, ಮತ್ತೆ ಆಡುವ ತುಡಿತ ಪ್ರಬಲ ಎಂಬ ಗುಣವೇ ಹಣ ಸೇರಿದಾಗ ಜೇಬು ಖಾಲಿ ಮಾಡುವ ಯಂತ್ರವಾಗುತ್ತದೆ. ಹಣ ಕಟ್ಟಿ ಆಡುವ ಪಂದ್ಯದಲ್ಲಿ ಮಾರಾಟವಾಗುವ ಸರಕು ಮರುಪ್ರಯತ್ನವೇ. ಅದಕ್ಕಾಗಿ ಸಣ್ಣ ಆಟದ ಪಂದ್ಯಗಳಲ್ಲಿ ಪ್ರಯತ್ನಗಳಿಗೆ ಮಿತಿ ಇರಲೇಬೇಕು, ಮರುಪ್ರಯತ್ನಕ್ಕೆ ಶುಲ್ಕ ಇರಲೇಕೂಡದು.

ಗೇಮಿಂಗ್‌ನ ಹೊರಗೂ ದಕ್ಷಿಣ ಬೆಂಗಳೂರಿನವರಿಗೆ ಪರಿಚಿತವಾದ ಅಂಕದ ಪಂದ್ಯಗಳಿವೆ. ಪ್ರೋಗ್ರಾಮಿಂಗ್ ಹುಡುಗರಿಗೆಲ್ಲ ಗೊತ್ತಿರುವ ಸ್ಪರ್ಧಾತಾಣ ಕೋಡ್‌ಶೆಫ್ 2009ರಲ್ಲಿ ಶುರುವಾಗಿ, 2020ರಲ್ಲಿ ಬೆಂಗಳೂರಿನ ಆನ್‌ಲೈನ್ ಶಿಕ್ಷಣ ಸಂಸ್ಥೆ ಅನಕಾಡೆಮಿಯ ತೆಕ್ಕೆಗೆ ಬಂತು. ಅದರ ತಿಂಗಳ ದೊಡ್ಡ ಸ್ಪರ್ಧೆ ಹತ್ತು ದಿನದ್ದಾಗಿತ್ತು. ಜೊತೆಗೆ ಎರಡೂವರೆ ಗಂಟೆಯ, ಮೂರು ಗಂಟೆಯ ಸ್ಪರ್ಧೆಗಳಿದ್ದವು. ಹತ್ತು ದಿನದಲ್ಲಿ ಗೊತ್ತಿಲ್ಲದ ವಿಷಯವನ್ನು ಓದಿ ಕಲಿತು ಲೆಕ್ಕ ಬಿಡಿಸಬಹುದಿತ್ತು. ಎಷ್ಟೋ ವಿದ್ಯಾರ್ಥಿಗಳು ಕಲಿತದ್ದೇ ಹಾಗೆ. ಅದೇ ಹತ್ತು ದಿನ ಉತ್ತರಗಳನ್ನು ಗುಟ್ಟಾಗಿ ಹಂಚಿಕೊಳ್ಳುವವರಿಗೂ ಅವಕಾಶ ಕೊಟ್ಟಿತು. ಇಂದು ಅಲ್ಲಿ ಮುಖ್ಯವಾಗಿ ಕಾಣುವುದು ಬುಧವಾರ ರಾತ್ರಿಯ ಎರಡು ಗಂಟೆಯ ವಾರದ ಸ್ಪರ್ಧೆ. ನಕಲು ತಡೆಯಲು ಅವಧಿ ಕುಗ್ಗಿಸಿದಾಗ ನಿಧಾನವಾಗಿ ಕಲಿಯುವವರೂ ಹೊರಗುಳಿಯುತ್ತಾರೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಜೆ.ಪಿ. ನಗರದಲ್ಲಿ ಮುಖ್ಯ ಕಚೇರಿ ಇರುವ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ತನ್ನ ಗ್ರಾಹಕರಿಗೆ 60 ದಿನಗಳ ಸವಾಲು ನಡೆಸುತ್ತಿತ್ತು. ಅದರಲ್ಲಿ ಎದುರಾಳಿಯೇ ಇಲ್ಲ, ಅವಧಿಯ ಕೊನೆಗೆ ಲಾಭದಲ್ಲಿದ್ದರೆ ಸಾಕು. ಇನ್ನೊಬ್ಬರ ಅಂಕ ಕಣ್ಣೆದುರು ಇಲ್ಲದಿದ್ದರೆ ದೀರ್ಘ ಅವಧಿಯನ್ನು ಸಹಿಸುವುದು ಸುಲಭ.

ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಓಟದಲ್ಲಿದೆ. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಓಡುವವರು, ಜಯನಗರ ಜಾಗ್ವಾರ್ಸ್‌ನಂಥ ಬಳಗಗಳವರು ಸಾಮಾನ್ಯವಾಗಿ ದೂರ ಗೊತ್ತಿರುವ ಓಟಕ್ಕೆ ತಯಾರಾಗುತ್ತಾರೆ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟ ಅಂಥದ್ದು. 2022ರ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ–ಓಷಿಯಾನಿಯಾ 24 ಗಂಟೆಯ ಚಾಂಪಿಯನ್‌ಶಿಪ್‌ನ ಲೆಕ್ಕ ತಿರುವುಮುರುವು. ಹೊತ್ತು ಸ್ಥಿರ, ದೂರವೇ ಅಂಕ. ಅಲ್ಲಿ ಕೊನೆಯವನಾಗಿ ಗುರಿ ಮುಟ್ಟುವ ಅವಮಾನ ಯಾರಿಗೂ ಇಲ್ಲ, ಎಲ್ಲರೂ ಒಂದೇ ಕ್ಷಣಕ್ಕೆ ಮುಗಿಸುತ್ತಾರೆ. ಹಡ್ಸನ್ ಕ್ಯಾರವಾನ್‌ನಲ್ಲಿ ಮಕ್ಕಳಿಗೆ ಸಿಕ್ಕಿದ್ದ ಸಮಾಧಾನವೂ ಇದೇ. ನೀನು ಬೇಗ ಸತ್ತೆ ಎಂದು ಗಡಿಯಾರ ಹೇಳುತ್ತಿರಲಿಲ್ಲ.

ಪಟ್ಟಿಯನ್ನು ಏನು ಮಾಡಬೇಕು ಎಂಬುದಕ್ಕೂ ಒಳ್ಳೆಯ ಮಾದರಿಗಳಿವೆ. ಐಸಿಪಿಸಿ ಎಂಬ ಅಂತರ ಕಾಲೇಜು ಪ್ರೋಗ್ರಾಮಿಂಗ್ ಸ್ಪರ್ಧೆ ಐದು ಗಂಟೆಯದು. ಕೊನೆಯ ಒಂದು ಗಂಟೆ ಪಟ್ಟಿಯನ್ನು ಸ್ತಬ್ಧಗೊಳಿಸುತ್ತಾರೆ. ಡೇಟಾ ವಿಶ್ಲೇಷಣೆಯ ಸ್ಪರ್ಧಾತಾಣ ಕ್ಯಾಗಲ್‌ನ ತಿಂಗಳುಗಟ್ಟಲೆಯ ಸ್ಪರ್ಧೆಗಳಲ್ಲಿ ದಿನಕ್ಕೆ ಇಷ್ಟೇ ಸಲ್ಲಿಕೆ ಎಂಬ ಮಿತಿಯಿದೆ, ಅಂತಿಮ ಶ್ರೇಯಾಂಕ ಮುಗಿಯುವವರೆಗೂ ಗುಟ್ಟು. ಯಾರು ಮುಂದಿದ್ದಾರೆಂದು ಖಚಿತವಾಗಿ ತಿಳಿಯದಿದ್ದರೆ ಮುಂದಿರುವವರು ಆರಾಮಾಗುವುದಿಲ್ಲ, ಹಿಂದಿರುವವರು ಆಸೆ ಬಿಡುವುದಿಲ್ಲ.

ಇಷ್ಟೆಲ್ಲದರ ಅಡಿಯಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ನನಗೆ ಅದೇ ಮುಖ್ಯ: ಪಂದ್ಯ ಅಳೆಯುತ್ತಿರುವುದು ಕೈಚಳಕವನ್ನೋ, ಬಿಡುವಿನ ವೇಳೆಯನ್ನೋ? ಮಿತಿಯಿಲ್ಲದ ಪ್ರಯತ್ನಗಳ ದೀರ್ಘ ಪಂದ್ಯದಲ್ಲಿ ಗೆಲ್ಲುವುದು ಬಹುಪಾಲು ಬಿಡುವು. ಬಿಟಿಎಂನ ಪಿಜಿಯಲ್ಲಿ ಸೆಮಿಸ್ಟರ್ ರಜೆ ಕಳೆಯುತ್ತಿರುವ ಹುಡುಗ ರಾತ್ರಿಯಿಡೀ ಆಡಬಲ್ಲ. ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಎಂಟು ಗಂಟೆಯಾಗುವವರು ಆಡಲಾರರು. ಕೆಲಸ ಮುಗಿಸಿ ಬಂದು ಅಡುಗೆಗೆ ನಿಲ್ಲುವ ಹೆಂಗಸಿಗೆ ಸಿಗುವುದು ಕುಕ್ಕರ್ ಕೂಗುವವರೆಗಿನ ಹತ್ತು ನಿಮಿಷ. ಬನಶಂಕರಿಯ ಹೈಸ್ಕೂಲ್ ಹುಡುಗಿಗೆ ಕತ್ತಲಾದ ಮೇಲೆ ಗೇಮಿಂಗ್ ಕೆಫೆಗೆ ಹೋಗಲು ಮನೆಯವರು ಒಪ್ಪುವುದಿಲ್ಲ. ಇವರಲ್ಲಿ ಯಾರ ಕೈ ಚುರುಕು ಎಂದು ತಿಳಿಯಬೇಕಾದರೆ ಎಲ್ಲರಿಗೂ ಸಿಗುವಷ್ಟೇ ಹೊತ್ತಿನಲ್ಲಿ ಪಂದ್ಯ ಕಟ್ಟಬೇಕು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊದಲ್ಲಿ ಆರ್.ವಿ. ರಸ್ತೆಯಿಂದ ಹೊರಟವರು ಬಿಟಿಎಂ ದಾಟುವಷ್ಟರಲ್ಲಿ ಎರಡು ನಿಮಿಷದ ಒಂದೆರಡು ಆಟ ಮುಗಿಸಬಹುದು. ನಲವತ್ತು ನಿಮಿಷದ ಆಟಕ್ಕೆ ಬೊಮ್ಮಸಂದ್ರದವರೆಗೆ ಹೋದರೂ ಸಾಲದು.

ಹಾಗಾಗಿ ನಮ್ಮ ಬಡಾವಣೆಗಳಲ್ಲಿ ಪಂದ್ಯ ನಡೆಸುವವರಿಗೆ ನನ್ನ ಸಲಹೆ ಹೀಗಿದೆ. ಆಟ ಎರಡು ನಿಮಿಷದ್ದಿರಲಿ. ಪಂದ್ಯ ಒಂದು ಭಾನುವಾರ ಶುರುವಾಗಿ ಮುಂದಿನ ಭಾನುವಾರ ಮುಗಿಯಲಿ. ನಡುವಿನ ದಿನಗಳಲ್ಲಿ ಒಬ್ಬರಿಗೆ ದಿನಕ್ಕೆ ಮೂರೇ ಅವಕಾಶ, ಅದೂ ಬೆಳಗ್ಗೆಯಿಂದ ರಾತ್ರಿಯವರೆಗೆ ತಮಗೆ ಅನುಕೂಲವಾದಾಗ. ಬುಧವಾರ ಎಲ್ಲರೂ ಸೊರಗುವ ದಿನ, ಅಂದು ತಮ್ಮದೇ ಹಿಂದಿನ ಅಂಕವನ್ನು ಹೆಚ್ಚು ಮೀರಿಸಿದವರಿಗೆ ಒಂದು ಚಿಕ್ಕ ಬಹುಮಾನ ಇಟ್ಟರೆ ವಾರದ ನಡುಭಾಗಕ್ಕೂ ಒಂದು ದಡ ಸಿಗುತ್ತದೆ. ಶುಕ್ರವಾರ ರಾತ್ರಿಯಿಂದ ಪಟ್ಟಿ ಮುಚ್ಚಿಡಿ. ಕೊನೆಯ ಭಾನುವಾರ ಮೊದಲ ಎಂಟು ಜನರಿಗೆ ಐದು ನಿಮಿಷದ ಆಟ, ಎಲ್ಲರ ಎದುರು, ತಲಾ ಎರಡು ಸಲ. ಗೆಲುವಿನ ಮೇಲೆ ಅದೃಷ್ಟದ ನೆರಳು ಆಗ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ತಿಂಗಳನ್ನೂ ನೋಡಿಕೊಳ್ಳಬೇಕು. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ, ಏಪ್ರಿಲ್–ಮೇ ಐಪಿಎಲ್ ಮತ್ತು ಮದುವೆಗಳ ಕಾಲ. ಆಷಾಢದಲ್ಲಿ ಶುಭಕಾರ್ಯಗಳಿಲ್ಲದೆ ಕಲ್ಯಾಣಮಂಟಪಗಳು ಖಾಲಿ ಇರುತ್ತವೆ, ಬಾಡಿಗೆಯೂ ಇಳಿದಿರುತ್ತದೆ. ಶಾಲೆ–ಕಾಲೇಜುಗಳು ಆಗಷ್ಟೇ ಶುರುವಾಗಿ ಪರೀಕ್ಷೆ ಇನ್ನೂ ದೂರವಿರುತ್ತದೆ, ಸಂಜೆಯ ಮಳೆಗೆ ಜನ ಮನೆಯ ಹತ್ತಿರವೇ ಇರುತ್ತಾರೆ. ಜಯನಗರದ ಒಂದು ಸಣ್ಣ ಛತ್ರ, ನಾಲ್ಕು ಟಿವಿ, ನಾಲ್ಕು ಜಾಯ್‌ಸ್ಟಿಕ್ ಇದ್ದರೆ ಎಂಟು ದಿನದ ಪಂದ್ಯಕ್ಕೆ ಸಾಕು.